ಚಾಳಿನ ಮಕ್ಕಳಿಗೇ ಮೊದಲು ಬೇಕು

ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಖಾಸಗಿ ಆಸ್ಪತ್ರೆಗಳ ವ್ಯಾಪಾರ, ಬಡವರ ಮಕ್ಕಳಿಗೆ ಅನಗತ್ಯ ಎಂಬ ಲೇಖನ ಓದಿ ಸಿಟ್ಟು ಬಂತು. 2021ರಿಂದ ಮುಂಬೈ ಪಾಲಿಕೆಯ ಲಸಿಕಾ ಕೇಂದ್ರಗಳಲ್ಲಿ ಅದು ಪುಕ್ಕಟೆ: 6ನೇ ವಾರ, 14ನೇ ವಾರ, 9ನೇ ತಿಂಗಳು. ಪುಣೆಯ ಸೀರಮ್ ಸಂಸ್ಥೆಯೇ ಅದನ್ನು ಅಗ್ಗವಾಗಿ ತಯಾರಿಸುತ್ತದೆ. ಧಾರಾವಿಯ ಒಂದೇ ಕೋಣೆಯಲ್ಲಿ ಏಳೆಂಟು ಜನ ಒತ್ತಿಕೊಂಡು ಮಲಗುವಾಗ, ಕೆಮ್ಮಿನ ಹನಿಯಲ್ಲಿ ಹರಡುವ ಈ ರೋಗಾಣು ಮೊದಲು ಹಿಡಿಯುವುದು ಕೂಸುಗಳನ್ನೇ. ಪ್ರತಿ ಉಸಿರಿಗೂ ಪಕ್ಕೆ ಒಳಸೇದುವ, ಮೊಲೆ ಹಿಡಿಯಲೂ ಆಗದ ಮಗುವನ್ನು ಕಂಡವರು ಹೀಗೆ ಬರೆಯಲಾರರು. ಮಕ್ಕಳಿಗೆ ಲಸಿಕೆಯಾದರೆ ಮನೆಯ ಅಜ್ಜ-ಅಜ್ಜಿಗೂ ಸೋಂಕು ದಾಟುವುದು ಕಡಿಮೆ. ತಕರಾರು ಎತ್ತಲೇಬೇಕೆಂದರೆ ಇನ್ನೊಂದಿದೆ: ವಯಸ್ಸಾದವರಿಗೆ, ಮಧುಮೇಹಿಗಳಿಗೆ ಇದು ಉಚಿತ ಯೋಜನೆಯಲ್ಲಿಲ್ಲ, ಕೈಯಿಂದಲೇ ದುಡ್ಡು ತೆರಬೇಕು. ಅವರಿಗೂ ಪಾಲಿಕೆಯೇ ಹಾಕಲಿ ಎಂದು ಬರೆಯಿರಿ, ನಾನೂ ಸಹಿ ಹಾಕುತ್ತೇನೆ.