ಫ್ಯಾನ್ ಕಿರುಚ್ತಿದೆ ಅಂತ ಕಾರ್ಡ್ ಮಾರಬೇಡಿ

ಪಿಸಿ ಸರಣಿ, ಭಾಗ 6

ಕಳೆದ ಪೋಸ್ಟ್ ಕೆಳಗೆ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ರಿ: "ಗ್ರಾಫಿಕ್ಸ್ ಕಾರ್ಡ್ ಸೌಂಡ್ ತಡ್ಕೊಳಕ್ಕಾಗ್ತಿಲ್ಲ, ಮಾರಿ ಹೊಸದು ತಗೊಳ್ಲಾ?" ಬೇಡ. ಸದ್ದು ಮಾಡ್ತಿರೋದು ಫ್ಯಾನ್. ಕಾರ್ಡ್ ಪಾಪ ಸುಮ್ನೆ ಕೂತಿದೆ.

ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಇದು ಸವಕಳಿ ಲೆಕ್ಕ. ಕಾರ್ಡಲ್ಲಿ ತಿರುಗೋ ಭಾಗ ಅಂದ್ರೆ ಫ್ಯಾನ್ ಒಂದೇ. ಬೇರಿಂಗ್ ಎಣ್ಣೆ ಒಣಗುತ್ತೆ, ಧೂಳು ಕೂರುತ್ತೆ, ಗರಗರ ಶುರುವಾಗುತ್ತೆ. ಚಿಪ್ ಮಾತ್ರ ಹಾಗೇ ಇರುತ್ತೆ. 2019ರ ಜಿಟಿಎಕ್ಸ್ 1660 ಸೂಪರ್ ಇಟ್ಕೊಂಡು ಇವತ್ತಿಗೂ ಆರಾಮಾಗಿ ಆಡ್ತಿರೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಚಪ್ಪಲಿ ಉಂಗುಷ್ಠ ಕಿತ್ತೋದ್ರೆ ಹೊಲಿಸ್ಕೊಂಡು ಬರ್ತೀವಿ, ಕಾರ್ಡ್ ವಿಷಯದಲ್ಲಿ ಮಾತ್ರ ಇಡೀ ಆಸ್ತಿನೇ ರೈಟ್ ಆಫ್ ಮಾಡೋಕೆ ಹೊರಡ್ತೀವಿ.

"ಹೆಡ್‌ಫೋನ್ ಹಾಕ್ಕೋ ಮಗಾ" ಅನ್ನೋರು ಇದ್ದಾರೆ. ಅದು ನಿನ್ನ ಕಿವಿಗಾಯ್ತು. ನಮ್ಮಲ್ಲಿ ಎಷ್ಟು ಜನಕ್ಕೆ ಸಪರೇಟ್ ರೂಮ್ ಇದೆ? ನನ್ನ ಪಿಸಿ ಇರೋದು ಹಾಲ್‌ನಲ್ಲಿ. ಅಲ್ಲೇ ಅಜ್ಜಿ ಮಲಗ್ತಾರೆ, ಬೆಳಿಗ್ಗೆ ಐದಕ್ಕೆ ಎದ್ದು ಡ್ಯೂಟಿಗೆ ಹೋಗೋ ಅಪ್ಪನೂ ಮಲಗ್ತಾರೆ. ರಾತ್ರಿ ಹನ್ನೊಂದಕ್ಕೆ ವಿಡಿಯೋ ರೆಂಡರ್ ಹಾಕಿದ್ರೆ ಮಿಕ್ಸಿ ಹಾಕಿದಂಗಿರ್ತಿತ್ತು. ಯೂಟ್ಯೂಬ್ ರಿವ್ಯೂಗಳಲ್ಲಿ ಎಫ್‌ಪಿಎಸ್ ಬಗ್ಗೆ ಹತ್ತು ನಿಮಿಷ, ಸದ್ದಿನ ಬಗ್ಗೆ ಹತ್ತು ಸೆಕೆಂಡ್. ಅದನ್ನ ಮಾಡೋರ ಮನೆ ದೊಡ್ಡದಿರಬೇಕು.

ಸದ್ದು ಯಾಕೆ ಬರುತ್ತೆ ಅಂತ ಸ್ವಲ್ಪ ನೋಡಿ, ಇಲ್ಲೇ ಇರೋದು ವಿಷಯ. ಕಾರ್ಡ್ ಜೊತೆ ಬರೋ ಫ್ಯಾನ್ ಹೆಚ್ಚಾಗಿ 80–90 ಮಿಮೀ, ತೆಳ್ಳಗೆ ಬೇರೆ. ಸಾಕಷ್ಟು ಗಾಳಿ ತಳ್ಳಬೇಕು ಅಂದ್ರೆ ಜೋರಾಗಿ ತಿರುಗ್ಲೇಬೇಕು. ಮಾಮೂಲಿ ಕೇಸ್ ಫ್ಯಾನ್ 120 ಮಿಮೀ ಅಗಲ, 25 ಮಿಮೀ ದಪ್ಪ. 90ಕ್ಕೆ ಹೋಲಿಸಿದ್ರೆ ಅಗಲದಲ್ಲಿ 30 ಮಿಮೀ ವ್ಯತ್ಯಾಸ ಅಷ್ಟೇ, ಆದ್ರೆ ಗಾಳಿ ತಳ್ಳೋ ಜಾಗ ಸುಮಾರು ಮುಕ್ಕಾಲು ಪಾಲು ಜಾಸ್ತಿ. ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಸದ್ದನ್ನೂ ಎರಡನೇ ನಂಬರಲ್ಲಿರೋ ಸೀಲಿಂಗ್ ಫ್ಯಾನ್ ಸದ್ದನ್ನೂ ನೆನಪಿಸ್ಕೊಳ್ಳಿ, ಅರ್ಥ ಆಗುತ್ತೆ. ಅದೇ ಫ್ಯಾನ್ ವೇಗ ಅರ್ಧಕ್ಕಿಳಿದ್ರೆ ಸದ್ದು ಸುಮಾರು 15 ಡೆಸಿಬೆಲ್ ಕಮ್ಮಿ ಆಗುತ್ತೆ. 10 ಡೆಸಿಬೆಲ್ ಇಳಿದ್ರೇ ಕಿವಿಗೆ ಅರ್ಧ ಆದಂಗೆ ಕೇಳುತ್ತೆ.

ಹಾಗಂತ ಇವತ್ತೇ ಆರ್ಡರ್ ಹಾಕಬೇಡಿ. ಮೊದಲು ದುಡ್ಡಿಲ್ಲದ ಕೆಲಸ ಮಾಡಿ. ಪಿಸಿ ಆಫ್ ಮಾಡಿ, ಬ್ರಷ್ ಮತ್ತು ಬ್ಲೋವರ್‌ನಿಂದ ಧೂಳು ತೆಗೀರಿ (ರೆಕ್ಕೆನ ಬೆರಳಲ್ಲಿ ಹಿಡ್ಕೊಂಡು, ಗಾಳಿಗೆ ತಿರುಗೋಕೆ ಬಿಡಬೇಡಿ). ಎಂಎಸ್‌ಐ ಆಫ್ಟರ್‌ಬರ್ನರ್ ಫ್ರೀ ಸಿಗುತ್ತೆ, ಬೇರೆ ಕಂಪನಿ ಕಾರ್ಡಿಗೂ ನಡೆಯುತ್ತೆ. ಅದರಲ್ಲಿ ಫ್ಯಾನ್ ಕರ್ವ್ ತಗ್ಗಿಸಿ, ವೋಲ್ಟೇಜ್ ಸ್ವಲ್ಪ ಇಳಿಸಿ. ಆಟದ ಮಧ್ಯೆ 75 ಡಿಗ್ರಿ ಇದ್ರೆ ಚಿಪ್‌ಗೆ ಏನೂ ಆಗಲ್ಲ. 60ರಲ್ಲೇ ಇರಬೇಕು ಅಂತ ಹಠ ಹಿಡಿದು ಫ್ಯಾನ್ ಓಡಿಸೋರನ್ನ ನೋಡಿದ್ರೆ ನಗು ಬರುತ್ತೆ. ರಾಯಚೂರು, ಕಲಬುರಗಿ ಕಡೆಯವರು ಮೇ ತಿಂಗಳಲ್ಲಿ ಇದನ್ನ ಮರೆತುಬಿಡಿ. ರೂಮೇ 40 ಇರುವಾಗ ಕಾರ್ಡ್ ಎಲ್ಲಿಂದ ತಣ್ಣಗಿರುತ್ತೆ.

ಇಷ್ಟಾದ್ಮೇಲೂ ಕಿರುಚಿದ್ರೆ ಫ್ಯಾನ್ ಬದಲಾಯಿಸಿ. ಮೇಲಿನ ಪ್ಲಾಸ್ಟಿಕ್ ಕವಚ, ಹಳೇ ಫ್ಯಾನ್ ಎರಡೂ ಬಿಚ್ಚಿ, ಹೀಟ್‌ಸಿಂಕ್ ಮುಟ್ಟದೆ, ಅದರ ಮೇಲೆ ಎರಡು 120 ಮಿಮೀ ಫ್ಯಾನ್‌ನ ಕೇಬಲ್ ಟೈನಲ್ಲಿ ಕಟ್ಟೋದು. ಕಾರ್ಡ್‌ನಲ್ಲಿರೋ ಸಣ್ಣ ನಾಲ್ಕು ಪಿನ್‌ಗೆ ಅಡಾಪ್ಟರ್ ಕೇಬಲ್ ಸಿಗುತ್ತೆ, ಹಾಕಿದ್ರೆ ಬಿಸಿಗೆ ತಕ್ಕಂತೆ ಕಾರ್ಡೇ ವೇಗ ನೋಡ್ಕೊಳ್ಳುತ್ತೆ. ನನಗೆ ಎಸ್‌ಪಿ ರೋಡಲ್ಲಿ ಎಲ್ಲಾ ಸೇರಿ ಎರಡು ಸಾವಿರದೊಳಗೆ ಆಯ್ತು. ನೋಡೋಕೆ ಚೆನ್ನಾಗಿಲ್ಲ, ನಿಜ. ಆದ್ರೆ ಇದು ಬರೀ ಜುಗಾಡ್ ಅಂದ್ಕೋಬೇಡಿ: 2021ರಲ್ಲಿ ಏಸಸ್ ಮತ್ತು ನಾಕ್ಟುವಾ ಸೇರಿ ಆರ್‌ಟಿಎಕ್ಸ್ 3070 ತಂದಾಗ ಅದರ ಮೇಲೆ ಇದೇ ಥರ ಎರಡು 120 ಮಿಮೀ ಫ್ಯಾನ್ ಕೂರಿಸಿದ್ರು. ಆ ಕಾರ್ಡ್ ನಾಲ್ಕು ಸ್ಲಾಟ್‌ಗಿಂತ ದಪ್ಪ. ನಿಮ್ಮದೂ ಉಬ್ಬುತ್ತೆ, ಅದಕ್ಕೇ ಕಾರ್ಡ್ ಕೆಳಗೆ ಎಷ್ಟು ಜಾಗ ಇದೆ ಅಂತ ಮೊದಲೇ ಸ್ಕೇಲ್ ಹಿಡಿದು ಅಳೀರಿ.

ಆರ್ಕ್ಟಿಕ್ ಆಕ್ಸೆಲೆರೋ, ರೈಜಿನ್‌ಟೆಕ್ ಮಾರ್ಫಿಯಸ್ ಥರದ ಪೂರ್ತಿ ಕೂಲರ್‌ಗಳೂ ಇವೆ. ನಾನು ಬೇಡ ಅಂತೀನಿ. ಹೀಟ್‌ಸಿಂಕ್ ಕಿತ್ತು, ಪೇಸ್ಟ್ ಹಚ್ಚಿ, ಮೆಮೊರಿ ಚಿಪ್‌ಗಳ ಮೇಲೆ ಪುಟ್ಟ ಹೀಟ್‌ಸಿಂಕ್ ಅಂಟಿಸ್ತಾ ಕೂರಬೇಕು, ಸ್ಕ್ರೂ ತೂತು ನಿಮ್ಮ ಕಾರ್ಡಿಗೆ ಹೊಂದಬೇಕು. ಪಾಕೆಟ್ ಮನಿ ಮೇಲೆ ಬದುಕೋ ನಮಗೆ ಅಷ್ಟು ರಿಸ್ಕ್ ಲಾಭ ಇಲ್ಲ. ಸ್ಕ್ರೂ ಮೇಲೆ ವಾರಂಟಿ ಸ್ಟಿಕ್ಕರ್ ಇದ್ದು ವಾರಂಟಿ ಇನ್ನೂ ಉಳಿದಿದ್ರೆ ಫ್ಯಾನ್ ಕೆಲಸಕ್ಕೂ ಕೈ ಹಾಕಬೇಡಿ, ಸರ್ವಿಸ್‌ಗೆ ಕೊಡಿ.

ಇನ್ನೊಂದು. ಗಾಳಿ ಸದ್ದಲ್ಲದೆ 'ಕೀಂ' ಅಂತ ಸೊಳ್ಳೆ ಥರ ಕೇಳ್ತಿದ್ರೆ ಅದು ಕಾಯಿಲ್ ವೈನ್, ಫ್ಯಾನ್ ಬದಲಾಯಿಸಿದ್ರೂ ಹೋಗಲ್ಲ. ಫ್ಯಾನ್‌ನ ಮಧ್ಯದಲ್ಲಿ ಬೆರಳಿಂದ ಮೆತ್ತಗೆ ಒತ್ತಿ ಎರಡು ಸೆಕೆಂಡ್ ನಿಲ್ಲಿಸಿ ಕೇಳಿ, ಯಾವುದು ಅಂತ ಗೊತ್ತಾಗುತ್ತೆ. ಬಿಚ್ಚೋಕೆ ಭಯ ಅನ್ನೋರು ಶನಿವಾರ ಲ್ಯಾಬ್ ಮುಗಿದ್ಮೇಲೆ ಸಿಗಿ, ಸ್ಕ್ರೂಡ್ರೈವರ್ ಸೆಟ್ ನಾನೇ ತರ್ತೀನಿ.