ರೋಗನಿರೋಧಕ 'ಶಕ್ತಿ' ಎಂಬ ಮಾತು

'ಶಕ್ತಿ' ಎಂಬ ಪದವನ್ನು ಸಡಿಲವಾಗಿ ಬಳಸುವ ವಿದ್ಯಾರ್ಥಿಯನ್ನು 'ಎಷ್ಟು ಜೌಲ್?' ಎಂದು ಕೇಳುವುದು ಭೌತವಿಜ್ಞಾನದ ಅಧ್ಯಾಪಕನಾದ ನನ್ನ ವಾಡಿಕೆ. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಾಗಿ ಸಾರುವ ಲೇಹ್ಯ, ಪುಡಿಗಳ ಜಾಹಿರಾತುಗಳನ್ನು ಕಂಡಾಗಲೂ ಇದೇ ಪ್ರಶ್ನೆ ನಾಲಗೆಗೆ ಬರುತ್ತದೆ. ಹೀಗೆ ಹೆಚ್ಚಿಸಬಹುದಾದ ಒಂದು ರಾಶಿ ದೇಹದಲ್ಲಿ ಉಂಟೆ? ಇಲ್ಲವೆಂದೇ ನನ್ನ ಅಭಿಪ್ರಾಯ. ನನ್ನ ಬಂಧುಗಳೊಬ್ಬರು ಇಂತಹ ಲೇಹ್ಯವನ್ನೇ ನಂಬಿ ಎರಡು ವರ್ಷ ಹೊಟ್ಟೆಯುರಿಯನ್ನು ಸಹಿಸಿದರು; ರಕ್ತ ವಾಂತಿಯಾದ ಮೇಲೆಯೇ ಜಠರದ ಹುಣ್ಣು ತಿಳಿದುಬಂದಿತು.

ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯಗಳು ನೆಲಸಲಾರವೆಂದು ವೈದ್ಯರು ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಸುರುಳಿಯಾಕಾರದ ಹೆಲಿಕೊಬ್ಯಾಕ್ಟರ್ ಪೈಲೊರಿಯನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಗಳನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಜಠರದ ಒಳಪೊರೆಯ ಕೋಶಗಳಲ್ಲಿ ಹುಟ್ಟಿನಿಂದಲೇ ಬಂದ ಕಾವಲುಗಾರರುಂಟು. ಇವು ಗ್ರಾಹಕಗಳೆಂಬ ಪ್ರೋಟೀನು ಅಣುಗಳು. ಬ್ಯಾಕ್ಟೀರಿಯಗಳಿಗೇ ವಿಶಿಷ್ಟವಾದ ಕೆಲವು ಅಣುಗಳ ಆಕಾರವನ್ನು ಅವು ಗುರುತಿಸುತ್ತವೆ. ಟಿಎಲ್‌ಆರ್-5 ಎಂಬುದು ಬ್ಯಾಕ್ಟೀರಿಯದ ಈಜುಬಾಲದ ಪ್ರೋಟೀನನ್ನು ಅರಿಯುತ್ತದೆ. ಟಿಎಲ್‌ಆರ್-4 ಎಂಬುದು ಹೊರಪೊರೆಯ ಕೊಬ್ಬು-ಸಕ್ಕರೆಯ ಅಣುವನ್ನು. ಆದರೆ ಪೈಲೊರಿಯಲ್ಲಿ ಈ ಎರಡು ಗುರುತುಗಳೂ ಮಾರ್ಪಟ್ಟಿವೆ. ಆದುದರಿಂದ ಕಾವಲುಗಾರರು ಹೆಚ್ಚಾಗಿ ಎಚ್ಚರಗೊಳ್ಳುವುದಿಲ್ಲ. ಪೈಲೊರಿಯ ಕೆಲವು ತಳಿಗಳು ಸೂಜಿಯಂತಹ ನಳಿಕೆಯಿಂದ ಕೋಶವನ್ನು ಚುಚ್ಚಿದಾಗ ಅವುಗಳ ಗೋಡೆಯ ಚೂರುಗಳೂ ಒಳಸೇರುತ್ತವೆ. ಕೋಶದೊಳಗಿರುವ ನಾಡ್-1 ಎಂಬ ಗ್ರಾಹಕ ಅವನ್ನು ಹಿಡಿದು ಬಿಳಿಯ ರಕ್ತಕಣಗಳನ್ನು ಕರೆಸುತ್ತದೆ.

ಇಷ್ಟಾದರೂ ಲೋಳೆಯಲ್ಲಿ ಅಡಗಿದ ಶತ್ರು ಸಾಮಾನ್ಯವಾಗಿ ನಾಶವಾಗುವುದಿಲ್ಲ. ಕಾಳಗ ದಶಕಗಳವರೆಗೂ ನಡೆಯುತ್ತದೆ. ಬಹುಮಂದಿಗೆ ಇದರ ಅರಿವೇ ಆಗದು. ಕೆಲವರಲ್ಲಿ ಮಾತ್ರ ಈ ನಿಲ್ಲದ ಉರಿಯೂತದಿಂದ ಹುಣ್ಣೂ, ಇನ್ನೂ ಕೆಲವರಲ್ಲಿ ಕ್ಯಾನ್ಸರೂ ತಲೆದೋರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿಯೇ ಇದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು.

ಇಲ್ಲಿ ಕೊರತೆಯಾದುದು ಶಕ್ತಿಯೆ? ಅಲ್ಲ, ಗುರುತು. ಮುಳ್ಳು ಸರಿಯಾದ ನಿಲಯದ ಮೇಲಿಲ್ಲದ ರೇಡಿಯೊದ ಧ್ವನಿಯನ್ನು ಎಷ್ಟು ಏರಿಸಿದರೂ ಕೇಳಿಬರುವುದು ಗದ್ದಲವೇ ಹೊರತು ಸಂಗೀತವಲ್ಲ. ರಕ್ಷಣೆಯ ಗುಣವಿರುವುದು ಸರಿಯಾಗಿ ಗುರುತಿಸುವುದರಲ್ಲಿ, ತಕ್ಕಷ್ಟೇ ಕೆರಳುವುದರಲ್ಲಿ, ಸಕಾಲದಲ್ಲಿ ತಣಿಯುವುದರಲ್ಲಿ. ಇದನ್ನು ಯಾವ ಡಬ್ಬಿಯ ಪುಡಿಯೂ ಕಲಿಸಲಾರದು.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಕಾರ್ಬನ್-13 ಬೆರೆತ ಯೂರಿಯವನ್ನು ಕುಡಿಸಿದರೆ ಪೈಲೊರಿಯ ಕಿಣ್ವ ಅದನ್ನು ಒಡೆಯುತ್ತದೆ. ಆ ಕಾರ್ಬನ್ ಉಸಿರಿನ ಇಂಗಾಲಾಮ್ಲದಲ್ಲಿ ಹೊರಬರುತ್ತದೆ, ಉಪಕರಣ ಅದನ್ನು ಅಳೆಯುತ್ತದೆ. ಸೋಂಕಿದೆಯೆಂದು ಕಂಡರೆ ಆಮ್ಲವನ್ನು ತಗ್ಗಿಸುವ ಔಷಧದೊಡನೆ ಎರಡು ಮೂರು ಬಗೆಯ ಜೀವಿರೋಧಕಗಳನ್ನು ವೈದ್ಯರು ಕೊಡುತ್ತಾರೆ. ಅವನ್ನು ನಡುವೆ ಬಿಡದೆ ಮುಗಿಸಬೇಕು. ಬಹುದಿನದ ಹೊಟ್ಟೆಯುರಿಯುಳ್ಳವರು ಲೇಹ್ಯದ ಡಬ್ಬಿಯನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಲಿ.