ಸುಮನಹಳ್ಳಿಯ ಪಾಠ



ನಿಮ್ಮಲ್ಲಿ ಹಲವರು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದೀರಿ. ಕೆಲವರು ಸ್ವಂತ ಘಟಕಗಳನ್ನೇ ನಡೆಸುತ್ತಿದ್ದೀರಿ. ಹೊರವರ್ತುಲ ರಸ್ತೆ ಮಾಗಡಿ ರಸ್ತೆಯನ್ನು ಸೇರುವಲ್ಲಿನ ಸುಮನಹಳ್ಳಿ ಮೇಲ್ಸೇತುವೆಯನ್ನು ದಾಟಿಯೇ ಇರುತ್ತೀರಿ. ಆ ಹೆಸರು ಬಂದದ್ದು 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಆರಂಭವಾದ ಸಂಸ್ಥೆಯೊಂದರಿಂದ. ಒಳ್ಳೆಯ ಮನಸ್ಸಿನವರ ಹಳ್ಳಿ ಎಂದು ಅದರ ಅರ್ಥ. ರಾಜ್ಯ ಸರ್ಕಾರ ಜಮೀನನ್ನು ಗುತ್ತಿಗೆಗೆ ಕೊಟ್ಟಿತು. ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಕ್ಷೇತ್ರ ಸೇವೆಯ ಹೊಣೆ ಹೊತ್ತಿತು.

ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ್ದೂ ಅದೇ ದಶಕದಲ್ಲಿ. ಹಳ್ಳಿಗಳಿಂದ ಬಂದ ಸಾವಿರಾರು ಮಂದಿಗೆ ಅಲ್ಲಿ ಅನ್ನದ ದಾರಿಯಾಯಿತು. ಕುಷ್ಠರೋಗ ತಗುಲಿದವರಿಗೆ ಮಾತ್ರ ಮನೆಯ ಬಾಗಿಲೂ ಮುಚ್ಚಿತ್ತು, ಕೂಲಿಯ ಬಾಗಿಲೂ ಮುಚ್ಚಿತ್ತು. 1975ರಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದ ಮೇಲೆ ಬೇಡಿ ಉಣ್ಣುವುದೂ ಅಪರಾಧವೆನಿಸಿತು.

ಸುಮನಹಳ್ಳಿಯವರು ಊಟ, ಔಷಧಗಳಿಗೇ ನಿಲ್ಲಲಿಲ್ಲ. ಹೊಲಿಗೆ ಕಲಿಸಿದರು, ಚರ್ಮದ ವಸ್ತುಗಳ ತಯಾರಿಕೆ ಕಲಿಸಿದರು. ಮುಂದೆ ಅಂಗವಿಕಲರಿಗೂ ತರಬೇತಿ ನೀಡಿದರು. ನನಗೆ ಹಿರಿದಾಗಿ ಕಾಣುವುದು ಇದೇ. ಕೊಟ್ಟ ಅನ್ನ ಸಂಜೆಗೆ ಕರಗುತ್ತದೆ. ಕಲಿತ ಕಸುಬು ನಾಳೆ ಮತ್ತೊಬ್ಬರ ಮುಂದೆ ಕೈಯೊಡ್ಡದಂತೆ ಕಾಯುತ್ತದೆ.

ಇಂತಹ ಸೇವೆಯ ಹಿಂದೆ ಮತಾಂತರದ ಉದ್ದೇಶವಿರುತ್ತದೆಂದು ಶಂಕಿಸುವವರು ನಮ್ಮ ಬಂಧುವರ್ಗದಲ್ಲೂ ಉಂಟು. ಅವರಲ್ಲಿ ನನ್ನದೊಂದೇ ಪ್ರಶ್ನೆ: ನಮ್ಮ ಮನೆಗಳೇ ಹೊರದೂಡಿದವರ ಹುಣ್ಣು ತೊಳೆದವರ ಮತವನ್ನು ವಿಚಾರಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಕುಷ್ಠರೋಗ ಇಂದು ಗುಣವಾಗುವ ಕಾಯಿಲೆ. ಬಹುವಿಧ ಔಷಧ ಚಿಕಿತ್ಸೆಯ ಅವಧಿ ರೋಗದ ಸ್ವರೂಪಕ್ಕೆ ತಕ್ಕಂತೆ 6 ಅಥವಾ 12 ತಿಂಗಳು, ಔಷಧ ಉಚಿತ. ಚಿಕಿತ್ಸೆ ಆರಂಭವಾದ ಕೆಲದಿನಗಳಲ್ಲೇ ರೋಗ ಹರಡುವುದು ನಿಲ್ಲುತ್ತದೆ. ಆದರೆ ನರಗಳಿಗೆ ಆದ ಹಾನಿಯಿಂದ ಮರಗಟ್ಟಿದ ಕೈಕಾಲು, ಮಡಚಿಕೊಂಡ ಬೆರಳು ಕೆಲವರಲ್ಲಿ ಉಳಿದುಬಿಡುತ್ತವೆ. ಗುಣವಾದವರನ್ನು ನಾವು ಆ ಬೆರಳುಗಳನ್ನು ನೋಡಿಯೇ ದೂರವಿಡುತ್ತೇವೆ. 1898ರ ಕುಷ್ಠರೋಗಿಗಳ ಕಾಯ್ದೆಯನ್ನು ಸಂಸತ್ತು ರದ್ದುಪಡಿಸಿದ್ದು 2016ರಲ್ಲಿ. ಕುಷ್ಠರೋಗವು ವಿವಾಹ ವಿಚ್ಛೇದನಕ್ಕೆ ಕಾರಣವಾಗಬಾರದೆಂಬ ತಿದ್ದುಪಡಿ ಬಂದದ್ದು 2019ರಲ್ಲಿ. ಔಷಧಕ್ಕಿಂತ ಎಷ್ಟೋ ವರ್ಷ ಹಿಂದೆ ಉಳಿದ ಕಾನೂನು ಕೊನೆಗೂ ಬದಲಾಯಿತು. ಇನ್ನು ಬದಲಾಗಬೇಕಾದವರು ನಾವು.

ಹೊಲಿಗೆ ಕಲಿಸುವುದು ಧರ್ಮಸಂಸ್ಥೆಗೆ ಸಾಧ್ಯ; ಸಂಬಳದ ಪಟ್ಟಿಯಲ್ಲಿ ಹೆಸರು ಬರೆಯುವುದು ಕಾರ್ಖಾನೆಯವರ ಕೈಯಲ್ಲಿದೆ. ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ: ಇಂತಹವರೊಬ್ಬರು ಕೆಲಸ ಕೇಳಿ ನಿಮ್ಮ ಬಾಗಿಲಿಗೆ ಬಂದಾಗ ಅವರ ಬೆರಳುಗಳನ್ನು ನೋಡಿ ನಿರ್ಧರಿಸಬೇಡಿ, ಅವರು ಹಾಕಿದ ಹೊಲಿಗೆಯನ್ನು ನೋಡಿ ನಿರ್ಧರಿಸಿ. ಜೊತೆಯ ಕೆಲಸಗಾರರು ಹಿಂಜರಿದರೆ, ಈ ಕಾಯಿಲೆಯ ಸತ್ಯವನ್ನು ಅವರಿಗೆ ನೀವೇ ತಿಳಿಹೇಳಿ. ನಿಮಗೆ ಪಾಠ ಹೇಳಿದವನಿಗೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇಡ.